ಮನೆ ಕೆಲಸದವಳ ದುಡ್ಡು ನನ್ನ ಖಾತೆಯಲ್ಲಿದೆ, ಮಗಳು ಜರ್ಮನಿಗೆ ಹೊರಟಿದ್ದಾಳೆ

ನಾಪೋಕ್ಲು ಮಳೆ
ಎರಡು ವಿಷಯ ಒಂದಕ್ಕೊಂದು ಸಿಕ್ಕಿಕೊಂಡಿವೆ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಕ್ಟೋಬರ್‌ನಲ್ಲಿ ತರಗತಿ ಶುರು. ಸರ್ಕಾರಿ ವಿಶ್ವವಿದ್ಯಾಲಯ, ಫೀಸು ಇಲ್ಲವೆಂದೇ ಹೇಳಬಹುದು. ಆದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು. ನಮ್ಮ ದುಡ್ಡಲ್ಲಿ 12 ಲಕ್ಷದ ಮೇಲಾಗುತ್ತದೆ. ಕಾಫಿ ಮಾರಿದ್ದು, ಹೆಂಡತಿಯ ಎಫ್‌ಡಿ ಎಲ್ಲ ಸೇರಿಸಿದರೆ 10 ಲಕ್ಷಕ್ಕೆ ನಿಲ್ಲುತ್ತದೆ.

ನಮ್ಮ ಮನೆ ಕೆಲಸದವಳು 11 ವರ್ಷದಿಂದ ಇದ್ದಾಳೆ. ಅಡಿಗೆ, ಮನೆ ಕೆಲಸ, ಈಗ ನನ್ನ ಅಮ್ಮನನ್ನು ನೋಡಿಕೊಳ್ಳುವುದೂ ಅವಳೇ. ಸಂಬಳ ತಿಂಗಳಿಗೆ 9,000. ಗಂಡ ಕುಡಿಯುತ್ತಿದ್ದ. ಕೈಗೆ ಬಂದದ್ದು ಉಳಿಯುವುದಿಲ್ಲ ಅಂತ ಅವಳೇ 7 ವರ್ಷದ ಹಿಂದೆ ಹೇಳಿದಳು, ತಿಂಗಳಿಗೆ 3,000 ನೀವೇ ಹಿಡಿದಿಟ್ಟುಕೊಳ್ಳಿ ಅಂತ. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅವಳ ಮಗಳ ಮದುವೆಗೆ 38,000, ಆಸ್ಪತ್ರೆಗೆ 11,000 ತೆಗೆದುಕೊಂಡಿದ್ದಾಳೆ. ಅದು ಕಳೆದು ಈಗ 1,91,000 ಇದೆ. ಹೆಚ್ಚುಕಡಿಮೆ ನನಗೆ ಬೇಕಾದಷ್ಟೇ.

ಗಂಡ ಎರಡು ವರ್ಷದ ಹಿಂದೆ ತೀರಿಕೊಂಡ. ಏಪ್ರಿಲ್‌ನಲ್ಲಿ ಅವಳ ಮಗ ಬಂದು ಲೆಕ್ಕ ಕೇಳಿದ. ಮುಂದಿನ ಫೆಬ್ರವರಿಗೆ ಕಾಫಿ ದುಡ್ಡು ಬಂದ ಕೂಡಲೇ ಬಡ್ಡಿ ಸೇರಿಸಿ ಕೊಡುತ್ತೇನೆ ಅಂದರೆ ತಪ್ಪಾ? ವೀಸಾ ಆಗುವವರೆಗೆ ತೋರಿಸುವುದಕ್ಕಷ್ಟೇ ಅಲ್ವಾ ಆ ದುಡ್ಡು?

ಇನ್ನೊಂದು. ಒಬ್ಬ ಏಜೆಂಟ್ ಹೇಳುತ್ತಾನೆ, ಓ ಪೇರ್ ಅಂತ ಹೋದರೆ ಬ್ಲಾಕ್ಡ್ ಅಕೌಂಟೇ ಬೇಡ, ಯಾರದ್ದಾದರೂ ಮನೆಯಲ್ಲಿ ಇದ್ದು ಮಕ್ಕಳನ್ನು ನೋಡಿಕೊಂಡರೆ ಸಾಕು ಅಂತ.

ಆಖನ್ ಚಳಿ
ಅಣ್ಣ, ನಾನು ಕುಶಾಲನಗರದವಳು, ಇಲ್ಲಿ ಜರ್ಮನಿಯ ಆಖನ್‌ನಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡುತ್ತೇನೆ. ಅದು ತೋರಿಸುವ ದುಡ್ಡಲ್ಲ. ಊಟದ ದುಡ್ಡು. ಮಗಳು ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಖಾತೆಗೆ ಬಿಡುತ್ತಾರೆ. ಬಾಡಿಗೆ, ಆರೋಗ್ಯ ವಿಮೆ, ಅಕ್ಕಿಬೇಳೆಗೆ ಸರಿಹೋಗುತ್ತದೆ. ವರ್ಷದ ಕೊನೆಗೆ ಅಲ್ಲಿ ಸೊನ್ನೆ. ವೀಸಾ ಆದ ಮೇಲೆ ವಾಪಸ್ ಬರುವ ದುಡ್ಡು ಅಂತ ಲೆಕ್ಕ ಹಾಕಿದ್ದರೆ ಈಗಲೇ ಬಿಟ್ಟುಬಿಡಿ.

ಓ ಪೇರ್ ಬೇರೆಯೇ ವೀಸಾ. ಅರ್ಜಿ ಹಾಕುವಾಗ 27 ತುಂಬಿರಬಾರದು, ಜರ್ಮನ್ ಭಾಷೆಯ ಮೊದಲ ಹಂತ ಎ1 ಬೇಕು. ಮನೆಯವರು ಊಟ, ರೂಮು, ವಿಮೆ, ತಿಂಗಳಿಗೆ 280 ಯೂರೋ ಕೈಖರ್ಚು ಕೊಡುತ್ತಾರೆ. ವಾರಕ್ಕೆ 30 ಗಂಟೆ ಮಿತಿ. ಭಾಷೆ ಕಲಿಯುವುದಕ್ಕೆ ಅದು ಒಳ್ಳೆಯ ದಾರಿಯೇ, ನನ್ನ ರೂಮಿನ ಪಕ್ಕದವಳು ಹಾಗೇ ಬಂದವಳು. ಆದರೆ ನಿಮ್ಮ ಮಗಳಿಗೆ ಸೀಟು ಕೈಯಲ್ಲಿದೆ. ಅದನ್ನು ಬಿಟ್ಟು 280 ಯೂರೋಗೆ ಇನ್ನೊಬ್ಬರ ಮಗುವಿಗೆ ಗಂಜಿ ಕುಡಿಸುವುದು ಯಾಕೆ? ಏಜೆಂಟನಿಗೆ ಕಮಿಷನ್ ಬರುತ್ತದೆ, ಅಷ್ಟೇ.

ಅಮ್ಮತ್ತಿ ಕರಿಮೆಣಸು
ನಾಪೋಕ್ಲು ಅಣ್ಣ, ನೀವು ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ ಇದು. 11 ವರ್ಷದ ಸಂಬಂಧ. ತೋಟದ ಕೆಲಸದವರ ಲೈನ್ ಮನೆ ಕೊಟ್ಟಿದ್ದೀರಿ, ಕರೆಂಟು ನಿಮ್ಮದು, ಅಕ್ಕಿ ನಿಮ್ಮದು, ಹಬ್ಬಕ್ಕೆ ಬಟ್ಟೆ ನಿಮ್ಮದು. ಎಂಟು ತಿಂಗಳು ತಡವಾದರೆ ಏನು ಮುಳುಗಿಹೋಯಿತು? ಬಡ್ಡಿಯೂ ಕೊಡುತ್ತೇನೆ ಅಂತೀರಿ. ಕೂತು ಮಾತಾಡಿ, ಒಪ್ಪುತ್ತಾಳೆ.

ಲೈನ್ ಮನೆ ಹುಡುಗ
ಒಪ್ಪುತ್ತಾರೆ. ಖಂಡಿತ ಒಪ್ಪುತ್ತಾರೆ. ಮನೆಯೂ ನಿಮ್ಮದೇ, ಕೆಲಸವೂ ನಿಮ್ಮದೇ ಆದಾಗ ಬೇಡ ಅನ್ನುವುದು ಹೇಗೆ?

ನಾನು ಸಿದ್ದಾಪುರದ ಕಡೆಯವನು. ನನ್ನಮ್ಮನದ್ದೂ ಹೀಗೇ ಇತ್ತು, ಸಾವುಕಾರರ ಹತ್ತಿರ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಒಂದು ದಿನ ಹೃದಯಾಘಾತ ಆಗಿ ಹೋಗಿಬಿಟ್ಟರು. ಬೆಂಗಳೂರಿನಿಂದ ಮಕ್ಕಳು ಬಂದರು. ಯಾವ ಪುಸ್ತಕ, ಯಾವ ದುಡ್ಡು ಅಂದರು. ಅವರೂ ಕೆಟ್ಟವರಲ್ಲ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಅಮ್ಮ ತಿಥಿ ಊಟ ಮಾಡಿ ಬಂದರು, ದುಡ್ಡಿನ ಮಾತು ಎತ್ತಲಿಲ್ಲ.

ಅಣ್ಣ, ನಿಮಗೆ ಏನಾದರೂ ಆದರೆ ಆ ಪುಸ್ತಕ ಎಲ್ಲಿದೆ ಅಂತ ಮಗಳಿಗೆ ಗೊತ್ತಿದೆಯಾ?

ಕೋರ್ಟು ರಸ್ತೆ
ವಿರಾಜಪೇಟೆಯಲ್ಲಿ ವಕೀಲಿ ಮಾಡುತ್ತೇನೆ. ಸಂಬಂಧದ ಮಾತು ಸದ್ಯ ಬದಿಗಿಡೋಣ.

ಆ ದುಡ್ಡು ಅವರ ದುಡಿಮೆಯ ಕೂಲಿ, ನಿಮ್ಮ ಹತ್ತಿರ ನಂಬಿ ಇಟ್ಟದ್ದು. ಮೂರು ವರ್ಷ ದಾಟಿದ ಸಂಬಳ ಕೇಳುವ ಹಾಗಿಲ್ಲ ಅಂತ ಯಾರಾದರೂ ನಿಮ್ಮ ಕಿವಿಯೂದಬಹುದು. ಬರೀ ಬಾಕಿ ಸಂಬಳವಾದರೆ ಆ ಲೆಕ್ಕ. ಕೇಳಿದಾಗ ಕೊಡುವ ಮಾತಿನ ಮೇಲೆ ಇಟ್ಟ ಠೇವಣಿಯಾದರೆ ಕೇಳಿದ ದಿನದಿಂದ ಮೂರು ವರ್ಷ. ಅವರ ಪರವಾಗಿ ಮಗ ಕೇಳಿದ್ದು ಈ ಏಪ್ರಿಲ್‌ನಲ್ಲಿ. ನಿಮ್ಮ ಕೈಬರಹದ ಪುಸ್ತಕ ಬೇರೆ ಇದೆ. ಅದನ್ನು ಹರಿದುಹಾಕುವ ಯೋಚನೆ ನಿಮಗಿಲ್ಲ, ಇದ್ದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಂಬಿ ಕೊಟ್ಟದ್ದನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿದರೆ ಅದು ನಂಬಿಕೆ ದ್ರೋಹ. ಹಿಂದೆ ಐಪಿಸಿ 406ರಲ್ಲಿ ಶಿಕ್ಷೆ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 316. ಮಗಳ ವೀಸಾ ಸಮಯದಲ್ಲಿ ಠಾಣೆಗೆ ಹೋಗಿ ಕೂರುವುದು ಬೇಕಾ?

ಅಮ್ಮತ್ತಿಯವರಿಗೆ ಒಂದು ಮಾತು. ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದ ಮೊದಲ ರಾಜ್ಯ ನಮ್ಮದೇ, 2004ರಲ್ಲಿ. ತುಟ್ಟಿಭತ್ಯೆ ಸೇರಿ ಅದು ಏರುತ್ತಲೇ ಬಂದಿದೆ. ಇಡೀ ದಿನದ ಕೆಲಸಕ್ಕೆ 9,000 ಅಂದರೆ ಅದಕ್ಕಿಂತ ಕಡಿಮೆ. ವಯಸ್ಸಾದವರ ಆರೈಕೆ ಬೇರೆ ಸೇರಿದೆ. ಅಕ್ಕಿ ಬಟ್ಟೆ ಕೊಟ್ಟೆವು ಅಂತ ಕೂಲಿಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ.

ಅಮ್ಮತ್ತಿ ಕರಿಮೆಣಸು
ಮೇಡಂ, ಕಾನೂನು ಸರಿ. ಆದರೆ ಮನೆಯೊಳಗೆ ಕೆಲಸ ಮಾಡುವವರಿಗೆ ಅಂತ ದೇಶದಲ್ಲಿ ಪೂರ್ತಿ ಒಂದು ಕಾಯ್ದೆಯೇ ಇಲ್ಲವಲ್ಲ. ಸುಮ್ನೆ ಹೆದರಿಸಬೇಡಿ.

ಕೋರ್ಟು ರಸ್ತೆ
ಇಲ್ಲ, ನಿಜ. ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಅದನ್ನೇ ಹೇಳಿ, ಸಮಿತಿ ಮಾಡಿ ನೋಡಿ ಅಂತ ಕೇಂದ್ರಕ್ಕೆ ಸೂಚಿಸಿತು. ಪ್ರತ್ಯೇಕ ಕಾಯ್ದೆ ಇಲ್ಲ ಅಂದ ಮಾತ್ರಕ್ಕೆ ಇಟ್ಟುಕೊಂಡ ದುಡ್ಡು ನಿಮ್ಮದಾಗುವುದಿಲ್ಲ.

ನಿವೃತ್ತ ಮ್ಯಾನೇಜರ್
33 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಒಂಬತ್ತು ಮಡಿಕೇರಿ ಸೋಮವಾರಪೇಟೆ ಕಡೆ. ನಾಪೋಕ್ಲು ಸರ್, ನಿಮ್ಮ ಸಮಸ್ಯೆ 2 ಲಕ್ಷದ್ದು. ಎಜುಕೇಷನ್ ಲೋನ್ ಯಾಕೆ ಕೇಳಲಿಲ್ಲ?

ನಾಪೋಕ್ಲು ಮಳೆ
ಕೇಳುವುದೇನು ಸರ್, ಜಾಗದ ಕಾಗದ ತನ್ನಿ ಅಂತಾರೆ. ನಮ್ಮದು ಜಮ್ಮಾ ಬಾಣೆ, ಇಡೀ ಒಕ್ಕದ್ದು, ಅಂದರೆ ಮನೆತನದ ಜಂಟಿ ಜಾಗ. ಆರ್‌ಟಿಸಿಯಲ್ಲಿ ಪಟ್ಟೆದಾರರಾಗಿ ಇನ್ನೂ ತಾತನ ಅಣ್ಣನ ಹೆಸರು. ಒಕ್ಕದವರೆಲ್ಲ ಸಹಿ ಹಾಕಬೇಕು. ಒಬ್ಬರು ದುಬೈಯಲ್ಲಿ, ಇಬ್ಬರು ನನ್ನ ಹತ್ತಿರ ಮಾತು ಬಿಟ್ಟು ಆರು ವರ್ಷ. ವರಮಾನ ತೋರಿಸಿ ಅಂದರೆ ಕಾಫಿ ಹಸಿಯಾಗೇ ಮಾರುವುದು, ಕೃಷಿ ಆದಾಯ, ತೆರಿಗೆ ಕಟ್ಟಿದ ಕಾಗದ ಎಲ್ಲಿಂದ ತರಲಿ?

ನಿವೃತ್ತ ಮ್ಯಾನೇಜರ್
ಕೊಡಗಿನ ಅರ್ಧ ಜನ ಇಲ್ಲೇ ಎಡವುವುದು. ಜಾಗ ಅಡ ಇಡುವ ಮಾತು ಬರುವುದು ದೊಡ್ಡ ಸಾಲಕ್ಕೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ಮಾರ್ಜಿನ್ ಅಂತ ನಮ್ಮ ಕೈಯಿಂದ ಹಾಕುವ ಪಾಲೂ ಬೇಡ, ತಂದೆ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು. 4ರಿಂದ 7.5 ಲಕ್ಷಕ್ಕೆ ಒಬ್ಬ ಜಾಮೀನುದಾರ. ಅದರ ಮೇಲೆ ಹೋದರೆ ಆಸ್ತಿ. ನಿಮಗೆ ಬೇಕಾದ್ದು 2, ವಿಮಾನದ ಟಿಕೆಟ್ಟು ಮೊದಲ ತಿಂಗಳ ಖರ್ಚು ಸೇರಿಸಿ 4 ಕೇಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ಆದರೆ ಬಡ್ಡಿ ಓಡುತ್ತಿರುತ್ತದೆ, ಕೈಲಾದರೆ ಅದನ್ನಾದರೂ ಕಟ್ಟುತ್ತಿರಿ.

ಇನ್ನೂ ಒಂದು ಲಾಭ ಇದೆ. ಹೊರದೇಶಕ್ಕೆ ದುಡ್ಡು ಕಳಿಸುವಾಗ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಅದು ಇಲ್ಲ. ಬ್ಯಾಂಕಿನ ಎಜುಕೇಷನ್ ಲೋನಿನಿಂದ ಹೋದ ದುಡ್ಡಿಗೆ ಎಷ್ಟಾದರೂ ಇಲ್ಲ. ನಿಮ್ಮ ಸ್ವಂತದ್ದು 10, ಬಾಕಿ ಸಾಲ. ಒಂದು ಪೈಸೆ ಹಿಡಿಯುವುದಿಲ್ಲ. ಅದೇ ಆ ಹೆಂಗಸಿನ ದುಡ್ಡನ್ನು ನಿಮ್ಮ ಖಾತೆಯಿಂದ ಕಳಿಸಿದ್ದರೆ 10 ದಾಟಿದ ಭಾಗಕ್ಕೆ ಹಿಡಿಯುತ್ತಿದ್ದರು. ರಿಟರ್ನ್ ಹಾಕಿದರೆ ವಾಪಸ್ ಸಿಗುತ್ತದೆ, ಆದರೆ ನೀವು ಹಾಕುವವರಲ್ಲ ಅಂತ ಕಾಣುತ್ತದೆ.

ಗೋಣಿಕೊಪ್ಪ ಸಂತೆ
ಲೋನು ಯಾಕೆ? ಅಜ್ಜಿಯ ಚಿನ್ನ, ಜೋಮಾಲೆ, ಪತ್ತಾಕ್ ಲಾಕರಿನಲ್ಲಿ ಇರುತ್ತದಲ್ಲ. ಗೋಲ್ಡ್ ಲೋನ್ ಅರ್ಧ ಗಂಟೆಯ ಕೆಲಸ. ನಾನು ಮಗನಿಗೆ ಹಾಗೇ ಮಾಡಿದೆ.

ನಿವೃತ್ತ ಮ್ಯಾನೇಜರ್
ಬೇಗ ಆಗುತ್ತದೆ, ಒಪ್ಪಿದೆ. ಆದರೆ ಮುಂದೆ ಸಾಲ ತೀರಿಸುವವಳು ಮಗಳು. ಅವಳು ಇಲ್ಲಿ ಬಂದು ಸಂಬಳ ಪಡೆದು ಹಳೆ ಪದ್ಧತಿಯಲ್ಲಿ ತೆರಿಗೆ ಕಟ್ಟಿದರೆ ಎಜುಕೇಷನ್ ಲೋನಿನ ಬಡ್ಡಿ ಎಂಟು ವರ್ಷದವರೆಗೆ ಪೂರ್ತಿ ಕಳೆಯಬಹುದು. ಚಿನ್ನದ ಸಾಲಕ್ಕೆ ಆ ರಿಯಾಯಿತಿ ಇಲ್ಲ, ಟಿಸಿಎಸ್ ವಿನಾಯಿತಿಯೂ ಇಲ್ಲ. ಮತ್ತೆ ಜೋಮಾಲೆ ವಿಷಯ ಮನೆಯ ಹೆಂಗಸರನ್ನು ಕೇಳದೆ ನಾನಂತೂ ಮಾತಾಡುವುದಿಲ್ಲ.

ಆಖನ್ ಚಳಿ
ಮನೆ ಕೆಲಸದ ಮಾತು ಬಂತಲ್ಲ, ಇಲ್ಲಿನದ್ದು ಹೇಳಲಾ? ಹೋದ ವರ್ಷ ನಾನು ಒಬ್ಬ ಅಜ್ಜಿಯ ಮನೆಗೆ ಇಸ್ತ್ರಿಗೆ ಹೋಗುತ್ತಿದ್ದೆ. ವಾರಕ್ಕೆ ಎರಡೇ ಗಂಟೆ. ಕೈಗೆ ಕೊಟ್ಟುಬಿಡಿ ಅಜ್ಜಿ ಅಂದೆ. ಬೈದುಬಿಟ್ಟರು. ಮಿನಿಜಾಬ್, ಅಂದರೆ ಸಣ್ಣ ಕೆಲಸಗಳ ಕಚೇರಿಯಲ್ಲಿ ನನ್ನ ಹೆಸರು ನೋಂದಾಯಿಸಿದರು, ನನಗೆ ಏಟಾದರೆ ಅಂತ ಅಪಘಾತ ವಿಮೆಗೂ ಅವರೇ ಕಟ್ಟಿದರು. ಎರಡು ಗಂಟೆಯ ಇಸ್ತ್ರಿಗೆ! ಗಂಟೆಗೆ ಕನಿಷ್ಠ ಕೂಲಿ 2026ರ ಜನವರಿಯಿಂದ 13.90 ಯೂರೋ. ಮಿನಿಜಾಬ್ ಆದರೆ ತಿಂಗಳಿಗೆ 603 ದಾಟಬಾರದು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ ಕೆಲಸ ಮಾಡಬಹುದು. ನಿಮ್ಮ ಮಗಳೂ ಇಲ್ಲಿ ಯಾರದೋ ಮನೆಯ ಕೆಲಸಕ್ಕೆ ಹೋಗಬಹುದು ಅಣ್ಣ. ಅವಳ ಕೂಲಿಯನ್ನು ಅವರು ಹಿಡಿದಿಟ್ಟುಕೊಂಡರೆ ನೀವು ನಾಪೋಕ್ಲುವಿನಿಂದಲೇ ಕೂಗುತ್ತೀರಿ.

ಅಮ್ಮತ್ತಿ ಕರಿಮೆಣಸು
ಸರಿಯಮ್ಮ, ಸೋತೆ. ಆದರೆ ಇಷ್ಟು ದುಡ್ಡು ಒಟ್ಟಿಗೆ ಕೊಟ್ಟರೆ ಆ ಮಗ ಮೂರು ದಿನದಲ್ಲಿ ಬೈಕು ತರುತ್ತಾನೆ, ನೋಡಿ. ನಮ್ಮ ಕಡೆ ಇದು ಆಗಿದೆ.

ಲೈನ್ ಮನೆ ಹುಡುಗ
ಅದಂತೂ ನಿಜ. ನಾನೂ ಮಗನೇ, ಹೇಳುತ್ತೇನೆ, ಮಗನ ಖಾತೆಗೆ ಹಾಕಬೇಡಿ. ಅಮ್ಮನ ಹೆಸರಲ್ಲಿ, ಅಮ್ಮನ ಕೈಗೆ.

ನಿವೃತ್ತ ಮ್ಯಾನೇಜರ್
ನಗದಾಗಿಯೂ ಬೇಡ. ಠೇವಣಿ ಅಂತ ಇಟ್ಟದ್ದು 20,000 ಮುಟ್ಟಿದ ಮೇಲೆ ನಗದಾಗಿ ಹಿಂದಿರುಗಿಸುವುದಕ್ಕೆ ತೆರಿಗೆ ಕಾನೂನು ಬಿಡುವುದಿಲ್ಲ. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ತೆರೆಯಿರಿ. ಚೆಕ್ ಅಥವಾ ಖಾತೆಯಿಂದ ಖಾತೆಗೆ. ಬಡ್ಡಿ ಎಷ್ಟು ಅಂತ ಜಗಳ ಬರುತ್ತದೆ. ಅಂಚೆ ಉಳಿತಾಯದ 4 ಪರ್ಸೆಂಟೇ ಹಿಡಿದು ತಿಂಗಳು ತಿಂಗಳು ಲೆಕ್ಕ ಹಾಕಿದರೂ, ನಡುವೆ ತೆಗೆದದ್ದು ಕಳೆದು 30,000ದ ಆಸುಪಾಸು ಬರುತ್ತದೆ.

ನಾಪೋಕ್ಲು ಮಳೆ
ಹತ್ತು ದಿನ ಆಯಿತು, ಏನಾಯಿತು ಅಂತ ಕೇಳಿದವರಿಗೆ.

ಲೋನಿಗೆ ಅರ್ಜಿ ಹಾಕಿದೆ. ಮ್ಯಾನೇಜರ್ ಸರ್ ಹೇಳಿದ ಹಾಗೆ 4 ಲಕ್ಷ. ಜಾಗದ ಕಾಗದ ಕೇಳಲಿಲ್ಲ. ಏಜೆಂಟನ ಫೋನು ಎತ್ತುತ್ತಿಲ್ಲ.

ಲೆಕ್ಕಕ್ಕೆ ಕೂತಾಗ ಒಂದು ವಿಷಯ ಹೊರಬಿತ್ತು. ನನ್ನ ಪುಸ್ತಕದಲ್ಲಿ 80 ತಿಂಗಳು. ಅವರ ಬಾಯಿಲೆಕ್ಕದಲ್ಲಿ 84. ಮಗ ಮೊಬೈಲಿನಲ್ಲಿ ಕೂಡಿಸುತ್ತಿದ್ದಾನೆ, ನಾನು ಪುಸ್ತಕ ತಿರುವುತ್ತಿದ್ದೇನೆ, ಅವರು ಸುಮ್ಮನೆ ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ಕೊನೆಗೆ ಅವರೇ ಹೇಳಿದರು, ಕೊರೋನಾ ಬಂದ ವರ್ಷ ನಾಲ್ಕು ತಿಂಗಳು ನೀವು 6,000 ಕೊಟ್ಟಿರಿ, ಬರೆಯಲಿಲ್ಲ ಅಂತ. 2020ರ ಏಪ್ರಿಲ್‌ನಿಂದ ಜುಲೈ. ನಾನು ಆಗ ಅರ್ಧ ಸಂಬಳ ಕೊಟ್ಟೆ ಅಂತಲೇ ನೆನಪಿಟ್ಟುಕೊಂಡಿದ್ದೆ. ಹೆಂಡತಿ ಅಂದಳು, ಅರ್ಧ ಏನಿಲ್ಲ, ಒಂದು ದಿನವೂ ತಪ್ಪಿಸದೆ ಬಂದಿದ್ದಾರೆ, ಅವರು ಹೇಳಿದ್ದೇ ಸರಿ. ಹಾಗಾಗಿ 2,03,000. ಬಡ್ಡಿ 30,000. ಖಾತೆ ತೆರೆದು ಚೆಕ್ ಹಾಕಿದ್ದೇವೆ. ಸಂಬಳದ ಮಾತು ಇನ್ನೂ ಆಗಿಲ್ಲ. ಕೋರ್ಟು ರಸ್ತೆ ಮೇಡಂ, ಬೈಯಬೇಡಿ, ಕಾಫಿ ಬರಲಿ.

ಒಂದೇ ತೊಂದರೆ. ಅಂಚೆ ಕಚೇರಿಯಿಂದ ವಾಪಸ್ ಬಂದ ಮೇಲೆ ಅವರು ಪಾಸ್‌ಬುಕ್ ತಂದು ನನ್ನ ಕೈಗೇ ಕೊಟ್ಟರು. ಲೈನ್ ಮನೆ ಸೋರುತ್ತದೆ, ನಿಮ್ಮ ಬೀರುವಿನಲ್ಲೇ ಇಡಿ ಅಂತ.

ಕೋರ್ಟು ರಸ್ತೆ
ಮೊದಲು ಆ ಸೂರು ರಿಪೇರಿ ಮಾಡಿಸಿ. ಸಂಬಳಕ್ಕೆ ಕಾಫಿ ಬರಲಿ ಅನ್ನುವುದನ್ನು ನಾನು ಕೇಳಿಸಿಕೊಂಡಿಲ್ಲ.

ಲೈನ್ ಮನೆ ಹುಡುಗ
ಬೀರುವಿನ ಕೀ ಯಾರ ಹತ್ತಿರ ಇರುತ್ತದೆ ಅಣ್ಣ?

ನಾಪೋಕ್ಲು ಮಳೆ
ಅವರ ಹತ್ತಿರವೇ. 11 ವರ್ಷದಿಂದ.