ಬಾಂಡ್ ಕೊಂಡಾಗ ಮೊದಲೇ ಕೊಟ್ಟ ಬಡ್ಡಿ: ರಿಟರ್ನ್‌ನಾಗ ಹ್ಯಾಂಗ ತೋರಿಸಬೇಕು?

ಪ್ರಶ್ನೆ, ಕಲಬುರಗಿಯಿಂದ

ಎಲ್ಲರಿಗೂ ಶರಣು. ನಾನು ಸೇಡಂ ರಸ್ತೆ ಕಡೆ ಇರೋ ನಿವೃತ್ತ ಶಿಕ್ಷಕಿ, ವಯಸ್ಸು 63. ಒಂದು ಎಫ್‌ಡಿ ಮುಗಿದಿತ್ತು, ಆ ರೊಕ್ಕದಾಗ ಹೋದ ವರ್ಷ ಮೊದಲ ಸಲ ಒಂದು ಕಂಪನಿ ಬಾಂಡ್ ತೊಗೊಂಡೆ. ಮುಖಬೆಲೆ 2,00,000. ಬಡ್ಡಿ ವರ್ಷಕ್ಕ 9%, ಪ್ರತಿ ಸೆಪ್ಟೆಂಬರ್ 30ಕ್ಕ ಕೊಡ್ತಾರ. ನನ್ನ ಕೈಗೆ ಬಂದದ್ದು 2024ರ ಮೇ 31ಕ್ಕ, ಖಾತೆದಿಂದ ಹೋದದ್ದು 2,12,000. ಹೆಚ್ಚಿನ 12,000 ಯಾಕ ಅಂತ ಆಗ ನಾನು ಕೇಳಲಿಲ್ಲ. ಸೆಪ್ಟೆಂಬರ್‌ನಾಗ 16,200 ಜಮಾ ಆತು, 1,800 ಟಿಡಿಎಸ್ ಹಿಡದಾರ. ಈಗ ಎಐಎಸ್ (ತೆರಿಗೆ ಇಲಾಖೆ ಪೋರ್ಟಲ್ಲಿನಾಗ ನಮ್ಮ ಆದಾಯದ ವಾರ್ಷಿಕ ಮಾಹಿತಿ ಪಟ್ಟಿ) ತೆಗೆದು ನೋಡಿದ್ರ ಬಡ್ಡಿ 18,000 ಅಂತ ಅದ. ನಾನು ಬಾಂಡ್ ಇಟ್ಟುಕೊಂಡಿದ್ದು ನಾಲ್ಕೇ ತಿಂಗಳು, ಲೆಕ್ಕ ಹಾಕಿದ್ರ ನನಗ ಉಳದದ್ದು 6,000. ತೆರಿಗೆ ಯಾವುದಕ್ಕ ಕಟ್ಟಬೇಕು, 18,000ಕ್ಕೋ 6,000ಕ್ಕೋ? ಹಳೇ ತೆರಿಗೆ ಪದ್ಧತಿಯೊಳಗ ಫೈಲ್ ಮಾಡ್ತೀನಿ, 20% ಸ್ಲ್ಯಾಬ್ ಬರ್ತದ. ಈ ವರ್ಷ, ಅಂದ್ರ 2025ರಾಗ, ಸೆಪ್ಟೆಂಬರ್ 15ರ ತನಕ ಟೈಮ್ ಕೊಟ್ಟಾರ. ಖುದ್ದು ಮಾಡಿದವರು ಹೇಳ್ರಿ.

ಕಲಬುರಗಿ, ಬ್ರಹ್ಮಪುರದಿಂದ

ಅಕ್ಕೋರ, ಶರಣ್ರಿ. ಮೊದಲು ಆ 12,000 ಎಲ್ಲಿಂದ ಬಂತು ಅಂತ ಹೇಳ್ತೀನಿ. ಡಿಸೆಂಬರ್‌ನಾಗ ಯಾರರೆ ನಿಂತ ತೊಗರಿ ಸಮೇತ ಹೊಲ ಮಾರಿದ್ರ, ಹೊಲದ ಬೆಲೆ ಬ್ಯಾರೆ, ಬೆಳೀದು ಬ್ಯಾರೆ ಹಿಡೀತಾರಲ್ಲ? ಬಿತ್ತಿದವರು ಅವರು, ರಾಶಿ ಮಾಡೋರು ನೀವು. ಇಲ್ಲೂ ಹಂಗೇ. ಹಿಂದಿನ ಬಡ್ಡಿ 2023ರ ಸೆಪ್ಟೆಂಬರ್ 30ಕ್ಕ ಆಗಿತ್ತು. ಅಲ್ಲಿಂದ ಮೇ 31ರ ತನಕ 244 ದಿನ. ನಡುವೆ ಫೆಬ್ರವರಿ 29 ಬಂದದ್ದಕ್ಕ ವರ್ಷಕ್ಕ 366 ದಿನ ಹಿಡೀಬೇಕು. 18,000ನ್ನ 244ರಿಂದ ಗುಣಿಸಿ 366ರಿಂದ ಭಾಗಿಸ್ರಿ, ಸರಿಯಾಗಿ 12,000 ಬರ್ತದ. ಅಷ್ಟು ದಿನ ಬಾಂಡ್ ಇಟ್ಟುಕೊಂಡಿದ್ದವರ ಬಡ್ಡಿ ಅದು, ಅವರಿಗೆ ನೀವು ಮುಂಗಡ ಕೊಟ್ರಿ. ಕಂಪನಿ ಮಾತ್ರ ರೆಕಾರ್ಡ್ ಡೇಟ್, ಅಂದ್ರ ಬಡ್ಡಿ ಯಾರಿಗೆ ಅಂತ ಗೊತ್ತುಮಾಡೋ ದಿನ, ಯಾರ ಡಿಮ್ಯಾಟ್‌ನಾಗ ಬಾಂಡ್ ಅದನೋ ಅವರಿಗೇ ಪೂರಾ ವರ್ಷದ್ದು ಕೊಡ್ತದ. ಟಿಡಿಎಸ್‌ನೂ ಅವರ ಹೆಸರಿಗೇ ಹಿಡೀತದ.

ಇವತ್ತೇ ಕಾಂಟ್ರಾಕ್ಟ್ ನೋಟ್, ಅಂದ್ರ ಬಾಂಡ್ ಕೊಂಡ ವ್ಯವಹಾರದ ಲೆಕ್ಕದ ಹಾಳಿ, ಹುಡುಕ್ರಿ. ಅದ್ರಾಗ ಕ್ಲೀನ್ ಪ್ರೈಸ್ (ಬಡ್ಡಿ ಬಿಟ್ಟು ಬರೇ ಬಾಂಡಿನ ಬೆಲೆ) ಒಂದು ಸಾಲು, ಅಕ್ರೂಡ್ ಇಂಟರೆಸ್ಟ್ (ಕೊಳ್ಳೋ ದಿನದ ತನಕ ಕೂಡಿದ, ಮಾರಿದವರಿಗೆ ಸೇರೋ ಬಡ್ಡಿ) ಇನ್ನೊಂದು ಸಾಲು ಇರ್ತದ. ಆ ಹಾಳಿ ಇಲ್ಲದ ಮುಂದ ಯಾವ ದಾರಿ ಹಿಡಿದ್ರೂ ತ್ರಾಸ್.

ಬೀದರ್‌ನಿಂದ

ಮೇಡಂ, ನಾನು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ ಅಂತಲೇ ಬರೀಲಿಕತ್ತೀನಿ. ನಾನು 2023ರ ಫೆಬ್ರವರಿಯೊಳಗ ಬಾಂಡ್ ತೊಗೊಂಡೆ, ಜೂನ್‌ನಾಗ ಬಡ್ಡಿ ಬಂತು. ಅಂದ್ರ ಅಕ್ರೂಡ್ ಬಡ್ಡಿ ಕೊಟ್ಟದ್ದು ಒಂದು ಆರ್ಥಿಕ ವರ್ಷ, ಪೂರಾ ಬಡ್ಡಿ ಬಂದದ್ದು ಇನ್ನೊಂದು ವರ್ಷ. ಬಂದದ್ದು 27,000, ಕೊಟ್ಟದ್ದು 17,500. ನಾನು ಮನಸ್ಸಿನಾಗೇ ಕಳೆದು ರಿಟರ್ನ್‌ನಾಗ 9,500 ಅಂತ ಬರದೆ. ಟಿಡಿಎಸ್ ಮಾತ್ರ 2,700 ಪೂರಾ ಕ್ಲೇಮ್ ಮಾಡಿದೆ. ಯಾಕ ಕಳೆದೆ, ಎಷ್ಟು ಕಳೆದೆ ಅಂತ ಎಲ್ಲೂ ಒಂದು ಅಕ್ಷರ ಇಲ್ಲ.

ಕೆಲವು ತಿಂಗಳಾದ ಮ್ಯಾಲ ಪೋರ್ಟಲ್‌ನಾಗ ಸಂದೇಶ ಬಂತು: ಎಐಎಸ್‌ನ ಬಡ್ಡಿಗೂ ನಿಮ್ಮ ರಿಟರ್ನ್‌ಗೂ ಹೊಂದಾಣಿಕೆ ಇಲ್ಲ. ಎರಡು ರಾತ್ರಿ ನಿದ್ದಿ ಬರಲಿಲ್ರಿ. ಎಐಎಸ್‌ನಾಗ ಫೀಡ್‌ಬ್ಯಾಕ್ ಕೊಟ್ಟು ‘ಈ ಮಾಹಿತಿ ತಪ್ಪು’ ಅಂತ ಹಾಕಬೇಕು ಅನ್ಕೊಂಡಿದ್ದೆ. ಆದರ ಮಾಹಿತಿ ತಪ್ಪು ಇರಲೇ ಇಲ್ಲ, ಕಂಪನಿ ಖರೇನೇ 27,000 ಕೊಟ್ಟಿತ್ತು. ಕಡೀಗೆ 2024ರ ಡಿಸೆಂಬರ್ 31ರ ಒಳಗ ಪರಿಷ್ಕೃತ ರಿಟರ್ನ್ ಹಾಕಿ, ವ್ಯತ್ಯಾಸದ ತೆರಿಗೆ ಬಡ್ಡಿ ಸಮೇತ ಕಟ್ಟಿದೆ. ಆದ್ದರಿಂದ ಕೈಬಾಯಿ ಲೆಕ್ಕ ಹಾಕಿ ಉಳದದ್ದನ್ನಷ್ಟೇ ತೋರಿಸೋದು ಮಾತ್ರ ಮಾಡಬ್ಯಾಡ್ರಿ.

ಕಲಬುರಗಿ, ಸಿಎ ಕಚೇರಿಯೊಂದರಿಂದ

ನಾನು ಇಲ್ಲಿನ ಒಂದು ಸಿಎ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆ ಈಚೆಗೆ ಬಹಳ ಬರುತ್ತಿದೆ, ಅದಕ್ಕೆ ಕಾರಣವೂ ಇದೆ. ಖಾಸಗಿಯಾಗಿ ಬಿಡುಗಡೆಯಾಗುವ ಬಾಂಡ್‌ಗಳ ಮುಖಬೆಲೆ ಮೊದಲು 10 ಲಕ್ಷ ಇತ್ತು. ಷೇರು ಪೇಟೆಯ ನಿಯಂತ್ರಕ ಸೆಬಿ ಅದನ್ನು 2023ರಲ್ಲಿ 1 ಲಕ್ಷಕ್ಕೆ ಇಳಿಸಿತು, 2024ರಲ್ಲಿ 10,000ಕ್ಕೂ ಅವಕಾಶ ಕೊಟ್ಟಿತು. ಹೀಗೆ ಬಾಂಡ್ ಸಾಮಾನ್ಯರ ಕೈಗೆ ಬಂತು. ಅದೇ ಹೊತ್ತಿಗೆ, ಡಿಮ್ಯಾಟ್‌ನಲ್ಲಿರುವ ಲಿಸ್ಟೆಡ್ (ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತ) ಬಾಂಡ್‌ಗಳ ಬಡ್ಡಿಗೆ ಇದ್ದ ಟಿಡಿಎಸ್ ವಿನಾಯಿತಿ 2023ರ ಏಪ್ರಿಲ್ 1ರಿಂದ ಹೋಯಿತು. ಈಗ ಪೂರ್ತಿ ಬಡ್ಡಿಯೂ ಎಐಎಸ್‌ನಲ್ಲಿ ಕಣ್ಣಿಗೆ ಬೀಳುತ್ತದೆ.

ಮೇಡಂ ಅವರ ಪ್ರಶ್ನೆಗೆ ಬರುತ್ತೇನೆ. ಕೊಂಡವರು ಕೊಟ್ಟ ಅಕ್ರೂಡ್ ಬಡ್ಡಿಯನ್ನು ಕಳೆಯಲು ನಮ್ಮ ರಿಟರ್ನ್ ಫಾರ್ಮಿನಲ್ಲಿ ಪ್ರತ್ಯೇಕ ಸಾಲಿಲ್ಲ. ಕಾನೂನಿನ ಮಟ್ಟಿಗೆ ಎಲ್ಲರೂ ಮೊದಲು ನೋಡುವುದು ವಿಜಯಾ ಬ್ಯಾಂಕ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು, 187 ಐಟಿಆರ್ 541 (ಇಲ್ಲಿ ಐಟಿಆರ್ ಅಂದರೆ ತೆರಿಗೆ ತೀರ್ಪುಗಳ ವರದಿ ಸಂಪುಟ, ರಿಟರ್ನ್ ಅಲ್ಲ). ಸೆಕ್ಯುರಿಟಿ (ಬಾಂಡ್‌ನಂಥ ಹೂಡಿಕೆ ಪತ್ರ) ಕೊಳ್ಳುವಾಗ ಹಿಂದಿನ ಅವಧಿಯ ಬಡ್ಡಿ ಅಂತ ಕೊಟ್ಟ ಹಣವೂ ಕೊಂಡ ಬೆಲೆಯ ಭಾಗವೇ, ಅದು ಬಂಡವಾಳದ ವೆಚ್ಚ, ಬಡ್ಡಿ ಆದಾಯದಿಂದ ಕಳೆಯುವಂತಿಲ್ಲ ಎಂದು ಅದರಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಆಫ್ ರಾಜಸ್ಥಾನ ಪ್ರಕರಣದಲ್ಲಿ ಅದೇ ಕೋರ್ಟ್, ಬಾಂಡ್‌ಗಳನ್ನು ವ್ಯಾಪಾರದ ಸರಕಾಗಿ ಇಟ್ಟುಕೊಂಡ ಬ್ಯಾಂಕ್‌ಗಳಿಗೆ ಕಳೆಯಲು ಅವಕಾಶ ಕೊಟ್ಟಿದೆ. ಆ ತೀರ್ಪು ಓದಿ ಕೆಲವರು ಖುಷಿಪಟ್ಟು ಬಂದಿದ್ದರು. ಆದರೆ ಪಿಂಚಣಿದಾರರು ಹೂಡಿಕೆಗೆಂದು ಇಟ್ಟುಕೊಂಡ ಬಾಂಡ್ ವ್ಯಾಪಾರದ ಸರಕಲ್ಲ.

ಆದ್ದರಿಂದ ನಮ್ಮ ಕಚೇರಿಯಲ್ಲಿ ಸಣ್ಣ ಹೂಡಿಕೆದಾರರಿಗೆ ಹಿಡಿಯುವ ದಾರಿ ಇದು: ‘ಇತರೆ ಮೂಲಗಳ ಆದಾಯ’ದಲ್ಲಿ 18,000 ಪೂರ್ತಿ ತೋರಿಸುವುದು, 1,800 ಟಿಡಿಎಸ್ ಪೂರ್ತಿ ಪಡೆಯುವುದು, ಬಾಂಡ್ ಕೊಂಡ ಬೆಲೆಯನ್ನು 2,12,000 ಎಂದು ಬರೆದಿಟ್ಟುಕೊಳ್ಳುವುದು. ಬಾಂಡ್ ಮುಗಿದು 2,00,000 ಬಂದ ವರ್ಷ 12,000 ದೀರ್ಘಾವಧಿ ಬಂಡವಾಳ ನಷ್ಟ ಬರುತ್ತದೆ. ಲಿಸ್ಟೆಡ್ ಬಾಂಡ್‌ಗೆ 12 ತಿಂಗಳು ದಾಟಿದರೆ ದೀರ್ಘಾವಧಿ.

ಇದರ ಕೊರತೆಯನ್ನೂ ಹೇಳಲೇಬೇಕು. ಈಗ 12,000ದ ಮೇಲೆ 20% ಮತ್ತು ಸೆಸ್ ಸೇರಿ 2,496 ರೂಪಾಯಿ ಹೆಚ್ಚು ಹೋಗುತ್ತದೆ. ಮುಂದೆ ಆ ನಷ್ಟವನ್ನು ದೀರ್ಘಾವಧಿ ಲಾಭದ ಎದುರಿಗೆ ಮಾತ್ರ ಹೊಂದಿಸಬಹುದು, ಅದರ ದರ 12.5%. ಅಂದರೆ ಹೆಚ್ಚೆಂದರೆ 1,560 ಉಳಿಯುತ್ತದೆ, ಅದೂ ಷೇರು, ಮ್ಯೂಚುವಲ್ ಫಂಡ್ ಅಥವಾ ನಿವೇಶನದಂಥದ್ದರಲ್ಲಿ ಲಾಭ ಇದ್ದರೆ. ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ನಷ್ಟ ಬಂದ ವರ್ಷದ ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ಗಳಿಸದ ಹಣಕ್ಕೆ ತೆರಿಗೆ ಕಟ್ಟುವುದು ನನಗೂ ನ್ಯಾಯ ಅನಿಸುವುದಿಲ್ಲ. ಆದರೆ 2,496 ರೂಪಾಯಿಗಾಗಿ 63 ವರ್ಷದವರು ವಿವಾದದಲ್ಲಿ ಬೀಳಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ.

ಆಳಂದದಿಂದ

ನನ್ನದು ಬ್ಯಾರೆ ಅನುಭವ. ನಾನು ಕೊಟ್ಟ ಅಕ್ರೂಡ್ ಬಡ್ಡಿ 41,000 ಇತ್ತು, 30% ಸ್ಲ್ಯಾಬ್. ಬಿಟ್ಟುಕೊಡಲಿಕ್ಕ ಮನಸ್ಸಾಗಲಿಲ್ಲ. ಐಟಿಆರ್-2 ರಿಟರ್ನ್ ಫಾರ್ಮ್ ತುಂಬಿ, ಬಡ್ಡಿ ಪೂರ್ತಿ ತೋರಿಸಿ, ಅದರ ಕೆಳಗ 1961ರ ಆದಾಯ ತೆರಿಗೆ ಕಾಯ್ದೆಯ 57ನೇ ಸೆಕ್ಷನ್ ಖರ್ಚು (ಇತರೆ ಮೂಲಗಳ ಆದಾಯ ಗಳಿಸಲಿಕ್ಕ ಮಾಡಿದ ಖರ್ಚು) ಅಂತ 41,000 ಕಳೆದೆ. ರಿಟರ್ನ್ ಪ್ರೊಸೆಸ್ ಆತು, ರಿಫಂಡ್ ಬಂತು, ಇಲ್ಲಿ ತನಕ ಪ್ರಶ್ನೆ ಬಂದಿಲ್ಲ. ಬೀದರ್ ಸರ್ ಮಾಡಿದ್ದಕ್ಕೂ ಇದಕ್ಕೂ ಫರಕ್ ಅದ ನೋಡ್ರಿ: ಎಐಎಸ್‌ನ ಮೊತ್ತ ಹಂಗೇ ಕಾಣ್ತದ, ಕಳೆದದ್ದೂ ಕಾಣ್ತದ.

ಸಿಎ ಕಚೇರಿಯಿಂದ ಮತ್ತೆ

ಅಣ್ಣಾರ, ಮುಚ್ಚಿಡದೆ ತೋರಿಸಿದ್ದೀರಿ, ಅದು ಸರಿ. ಆದರೆ ಪ್ರೊಸೆಸ್ ಆಯಿತು ಅಂದರೆ ಒಪ್ಪಿದರು ಅಂತಲ್ಲ. 57(iii)ರಲ್ಲೇ ‘ಬಂಡವಾಳ ಸ್ವರೂಪದ್ದಲ್ಲದ ಖರ್ಚು’ ಎಂಬ ಷರತ್ತಿದೆ, ವಿಜಯಾ ಬ್ಯಾಂಕ್ ತೀರ್ಪು ಅಡ್ಡ ಬರುವುದು ಅಲ್ಲೇ. ಕಡತ ತೆರೆದು ಪರಿಶೀಲನೆಗೆ ತೆಗೆದುಕೊಂಡರೆ ವಾದ ಮಾಡಬೇಕಾಗುತ್ತದೆ. ಕಾಂಟ್ರಾಕ್ಟ್ ನೋಟ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಿ. ಇನ್ನೊಂದು, ಬಾಂಡ್ ಮುಗಿದಾಗ ಅದೇ 41,000ವನ್ನು ಕೊಂಡ ಬೆಲೆಗೆ ಮತ್ತೆ ಸೇರಿಸಬೇಡಿ. ಒಂದೇ ಹಣವನ್ನು ಎರಡು ಸಲ ಕಳೆದಂತಾಗುತ್ತದೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೇಡಂ ಅವರಿಗೆ: ಕುಟುಂಬ ಪಿಂಚಣಿಯ ಕಡಿತ ಬಿಟ್ಟು 57ರ ಬೇರೆ ಯಾವ ಕಡಿತ ಬೇಕೆಂದರೂ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2ಕ್ಕೆ ಹೋಗಬೇಕು. ಪೂರ್ತಿ 18,000 ತೋರಿಸುವುದಾದರೆ ನಿಮ್ಮ ಐಟಿಆರ್-1 ಸಾಕು.

ಹುಮನಾಬಾದ್‌ನಿಂದ

ನನ್ನ ಮಗಳು ಅಮೆರಿಕದಾಗ ಇದ್ದಾಳ. ಅಲ್ಲಿ ಶೆಡ್ಯೂಲ್ ಬಿ ಅಂತ ಇರ್ತದಂತ. ಬಂದ ಬಡ್ಡಿ ಎಲ್ಲಾ ಬರೆದು ಕೂಡಿಸಿ, ಅದರ ಕೆಳಗ ‘ಅಕ್ರೂಡ್ ಇಂಟರೆಸ್ಟ್’ ಅಂತಲೇ ಬರೆದು, ಮಾರಿದವರಿಗೆ ಕೊಟ್ಟದ್ದನ್ನ ನೇರ ಕಳೀತಾರ. ಅಂತರ್ಜಾಲದಾಗ ಹುಡುಕಿದ್ರ ಆ ಉತ್ತರಗಳೇ ಮೊದಲು ಬರ್ತಾವ, ನಾನೂ ಅದನ್ನೇ ನಂಬಿ ಕುಂತಿದ್ದೆ. ಅದು ಅವರ ಫಾರ್ಮು, ನಮ್ಮದ್ರಾಗ ಆ ಸಾಲಿಲ್ಲ.

ಶಹಾಪುರದಿಂದ

ಸರ್ಕಾರಿ ಬಾಂಡ್ ಇದ್ದವರಿಗೂ ಒಂದು ಮಾತು. ನಾನು ಆರ್‌ಬಿಐ ರಿಟೇಲ್ ಡೈರೆಕ್ಟ್‌ನಾಗ (ಸರ್ಕಾರಿ ಬಾಂಡ್ ನೇರ ಕೊಳ್ಳೋ ಪೋರ್ಟಲ್) ಕೇಂದ್ರ ಸರ್ಕಾರದ ಬಾಂಡ್ ಅಂದ್ರ ಜಿ-ಸೆಕ್, ಕರ್ನಾಟಕ ಸರ್ಕಾರದ ಬಾಂಡ್ ಅಂದ್ರ ಎಸ್‌ಡಿಎಲ್ ತೊಗೊಂಡೀನಿ. ಅಂಗಡಿ ಬಂದ್ ಮಾಡಿ ರಾತ್ರಿ ಕುಂತು ಮೊಬೈಲ್‌ನಾಗೇ ಬಿಡ್ ಹಾಕ್ತೀನಿ. ಹರಾಜಿನಾಗ ತೊಗೊಂಡ್ರ ಅಕ್ರೂಡ್ ಬಡ್ಡಿ ಇರೂದಿಲ್ಲ ಅನ್ಕೊಂಡಿದ್ದೆ. ಹಳೇ ಬಾಂಡನ್ನೇ ಮತ್ತ ಬಿಡುಗಡೆ ಮಾಡಿದಾಗ ಅಲ್ಲೂ ಇರ್ತದ. ಇಲ್ಲಿ ತಿಂಗಳಿಗೆ 30 ದಿನ, ವರ್ಷಕ್ಕ 360 ದಿನ ಹಿಡೀತಾರ, ಬಡ್ಡಿ ಆರು ತಿಂಗಳಿಗೊಮ್ಮೆ. ಟಿಡಿಎಸ್ ಹಿಡಿಯೂದಿಲ್ಲ. ಆದ್ದರಿಂದ ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು ನಾವೇ ಕೂಡಿಸಿ ಬಡ್ಡಿ ತೋರಿಸಬೇಕು. ಎಐಎಸ್ ಖಾಲಿ ಅದ ಅಂತ ಬಿಟ್ಟುಬಿಡಬ್ಯಾಡ್ರಿ.

ಭಾಲ್ಕಿಯಿಂದ

ನಾನು ಬಡ್ಡಿ ದಿನಕ್ಕ ಮೊದಲೇ ಮಾರಿದೆ, ಕೊಂಡವರಿಂದ ಅಕ್ರೂಡ್ ಬಡ್ಡಿ ನನಗ ಬಂತು. ಅದು ಎಐಎಸ್‌ನಾಗ ಬಡ್ಡಿ ಅಂತ ಕಾಣಲಿಲ್ಲ, ಟಿಡಿಎಸ್ ಇರಲಿಲ್ಲ. ನಾನು ಇಟ್ಟುಕೊಂಡ ದಿನಗಳ ಮೊತ್ತವನ್ನ ಬಡ್ಡಿ ಆದಾಯ ಅಂತಲೇ ತೋರಿಸಿದೆ, ಮಾರಿದ ಬೆಲೆಯೊಳಗ ಕ್ಲೀನ್ ಪ್ರೈಸ್ ಅಷ್ಟೇ ಹಿಡಿದೆ. ತೆರಿಗೆ ಸ್ವಲ್ಪ ಹೆಚ್ಚಾತು, ಮನಸ್ಸಿಗೆ ನೆಮ್ಮದಿ.

ಮತ್ತ ಅಕ್ಕೋರ, ಹಿರಿಯ ನಾಗರಿಕರಿಗೆ ಇರೋ 80ಟಿಟಿಬಿ ಸೆಕ್ಷನ್‌ನ 50,000 ಕಡಿತ ಬ್ಯಾಂಕ್, ಸಹಕಾರಿ ಬ್ಯಾಂಕ್, ಪೋಸ್ಟ್ ಆಫೀಸ್ ಠೇವಣಿ ಬಡ್ಡಿಗೆ ಮಾತ್ರ. ಬಾಂಡ್ ಬಡ್ಡಿ ಅದ್ರಾಗ ಸೇರಿಸಬ್ಯಾಡ್ರಿ, ನಮ್ಮ ತಂದೆಯವರ ರಿಟರ್ನ್‌ನಾಗ ಹಿಂಗಾಗಿ ತಿದ್ದಬೇಕಾತು. ತೆರಿಗೆ ಬರದ ಹಿರಿಯರು ಯಾರರೆ ಓದ್ತಿದ್ರ, 15ಎಚ್ (ಟಿಡಿಎಸ್ ಹಿಡಿಯಬ್ಯಾಡ್ರಿ ಅಂತ ಕೊಡೋ ಫಾರ್ಮ್) ಬ್ಯಾಂಕಿಗೆ ಕೊಟ್ರ ಬಾಂಡಿಗೆ ನಡೆಯೂದಿಲ್ಲ. ಒಂದೊಂದು ಬಾಂಡಿನ ರಿಜಿಸ್ಟ್ರಾರ್‌ಗೆ (ಕಂಪನಿ ಪರವಾಗಿ ಬಾಂಡುದಾರರ ದಾಖಲೆ ಇಡೋ ಸಂಸ್ಥೆಗೆ) ಪ್ರತಿ ವರ್ಷ ಬ್ಯಾರೆ ಕೊಡಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೈಮುಗೀತೀನಿ. ಕಾಂಟ್ರಾಕ್ಟ್ ನೋಟ್ ಹಳೇ ಇಮೇಲ್‌ನಾಗ ಸಿಕ್ತು, ಅಕ್ರೂಡ್ ಇಂಟರೆಸ್ಟ್ 12,000 ಅಂತ ಬ್ಯಾರೆ ಸಾಲೇ ಅದ. ಐಟಿಆರ್-1ರಾಗ 18,000 ಪೂರಾ ತೋರಿಸಿ, 1,800 ಟಿಡಿಎಸ್ ತೊಗೊಂಡು, ನಿನ್ನೆ ಸಂಜೀಗೆ ಆಧಾರ್ ಒಟಿಪಿದಿಂದ ಇ-ವೆರಿಫೈ ಮಾಡಿದೆ. ಮಗನ ಮ್ಯೂಚುವಲ್ ಫಂಡ್ ಅವನ ಹೆಸರಿನಾಗ ಅದ, ನನ್ನ ಹೆಸರಿನಾಗ ಯಾವ ಲಾಭನೂ ಇಲ್ಲ. ಹಿಂಗಾಗಿ ಆ ನಷ್ಟ ಉಪಯೋಗಕ್ಕ ಬರ್ತದೋ ಇಲ್ಲೋ, ಬಾಂಡ್ ಮುಗಿದಾಗಲೇ ನೋಡಬೇಕು. ಬಾಂಡಿನ ಫೈಲ್ ಮ್ಯಾಲ ‘ಕೊಂಡ ಬೆಲೆ 2,12,000’ ಅಂತ ದಪ್ಪ ಅಕ್ಷರದಾಗ ಬರದು, ನೋಟಿನ ಪ್ರಿಂಟ್ ಒಳಗ ಹಚ್ಚಿಟ್ಟೀನಿ. ಮುಂದಿನ ಬಾಂಡ್ ತೊಗೊಳ್ಳೋದಿದ್ರ ಸೆಪ್ಟೆಂಬರ್ 30 ದಾಟಿದ ಮ್ಯಾಲೇ ತೊಗೋತೀನಿ, ಬಡ್ಡಿ ಕೊಟ್ಟ ಮರುದಿನ ಅಕ್ರೂಡ್ ಒಂದೆರಡು ದಿನದ್ದೇ ಇರ್ತದಲ್ಲ?

ಬ್ರಹ್ಮಪುರದಿಂದ

ಹೌದ್ರಿ ಅಕ್ಕೋರ. ನಿಮ್ಮ ಬಾಂಡಿಗೆ ದಿನಕ್ಕ ಸುಮಾರು 49 ರೂಪಾಯಿ ಅಷ್ಟೇ.