ಕಪ್ಪು ಹೆಣ್ಣುಮರಿಗೆ ಕಾಳಿ: ದೇವರ ಹೆಸರೋ, ಬಣ್ಣದ ಹೆಸರೋ?

ಹೋದ ವಾರ ಮನೆಗೊಂದು ನಾಯಿಮರಿ ಬಂತು. ಬೀದಿಯದೇ. ಮೂತಿಯಿಂದ ಬಾಲದ ತುದಿವರೆಗೂ ಕಪ್ಪು, ಎದೆಯ ಮೇಲೆ ಮಾತ್ರ ಬೊಟ್ಟಿಟ್ಟ ಹಾಗೆ ಬಿಳಿ. ಹೆಣ್ಣು. ಮಗಳು ಹದಿನೈದು ಹೆಸರು ಬರೆದಿಟ್ಟಿದ್ದಳು, ಎಲ್ಲವೂ ಬಿಸ್ಕತ್ತು ಚಾಕೊಲೇಟುಗಳದ್ದು. ನಾನು ಸುಮ್ನೆ ‘ಕಾಳಿ’ ಅಂದೆ. ಅಡುಗೆಮನೆಯಿಂದಲೇ ಅಮ್ಮ ಗದರಿದರು: “ದೇವರ ಹೆಸರಿಟ್ಟು ಆಮೇಲೆ ಹಚಾ ಹಚಾ ಅಂತೀಯಾ?” ಹಸುಗಳಿಗೆ ಗಂಗೆ, ಗೌರಿ ಅಂತ ಇಟ್ಟವರು ಇದೇ ಅಮ್ಮ. ಅದು ಬೇರೆಯಂತೆ.

ನನ್ನ ಅನುಮಾನ ಶುರುವಾದದ್ದು ಅಲ್ಲಿಂದ. ನಾಯಿಗೆ ಇಡುವ ಕಾಳಿ ನಿಜವಾಗಿ ದೇವರ ಹೆಸರಾ?

ನನಗೆ ಬಣ್ಣದ್ದೇ ಅನ್ನಿಸುತ್ತದೆ. ಊರಲ್ಲಿ ದನಕ್ಕೆ, ನಾಯಿಗೆ ಯಾರೂ ಹೆಸರು ಹುಡುಕುತ್ತಾ ಕೂರುತ್ತಿರಲಿಲ್ಲ. ಮೈ ನೋಡಿದರೆ ಹೆಸರು ಸಿಗುತ್ತಿತ್ತು. ಕೆಂಪ, ಕೆಂಪಿ. ಸ್ವಲ್ಪ ಕಂದು ಬೆರೆತರೆ ಕೆಂಚ, ಕೆಂಚಿ. ಪಟ್ಟೆ ಇದ್ದರೆ ಹುಲಿಯ. ಹಣೆಯಲ್ಲಿ ಬಿಳಿ ಮಚ್ಚೆ ಇದ್ದ ಕರು ಚುಕ್ಕಿ. ಕಪಿಲೆ ಅನ್ನುವುದೂ ಬಣ್ಣವೇ, ಕಂದುಗೆಂಪು. ಸಂಸ್ಕೃತದಿಂದ ಬಂದ ಕಾರಣ ಸ್ವಲ್ಪ ಮಡಿಯಾಗಿ ಕೇಳಿಸುತ್ತದೆ ಅಷ್ಟೇ.

ಈ ಸಾಲಿನಲ್ಲಿ ಕಪ್ಪು ಗಂಡಿಗೆ ಕರಿಯ ಇದೆ. ಹೆಣ್ಣಿಗೆ? ಇಲ್ಲಿ ಕನ್ನಡ ಎಡವುತ್ತದೆ. ಕೆಂಪ ಹೋಗಿ ಕೆಂಪಿ ಆಯಿತು, ಕೆಂಚ ಹೋಗಿ ಕೆಂಚಿ ಆಯಿತು. ಕರಿಯ ಹೋಗಿ ‘ಕರಿಯಿ’ ಆಗುವುದಿಲ್ಲ, ನಾಲಿಗೆಯೇ ಹೊರಳುವುದಿಲ್ಲ. ಬರೀ ಕರಿ ಅಂದರೆ ಬಣ್ಣ, ಇಲ್ಲವೇ ಆನೆ, ಇಲ್ಲವೇ ಪಾತ್ರೆ ತಳದ ಮಸಿ. ಬಿಳಿಯ, ಹುಲಿಯ ಇವಕ್ಕೂ ಇದೇ ಪಾಡು. ಕೊನೆಗೆ ‘ಇಯ’ ಇರುವ ಹೆಸರಿಗೆ ಇನ್ನೊಂದು ‘ಇ’ ಅಂಟಿಸಲು ಜಾಗವಿಲ್ಲ. ಕರಿಯಮ್ಮ ಅನ್ನಬಹುದು. ಆದರೆ ‘ಅಮ್ಮ’ ಸೇರಿದ ಕೂಡಲೇ ಅದು ಮನುಷ್ಯರ ಹೆಸರೋ ಊರದೇವತೆಯ ಹೆಸರೋ ಆಗಿಬಿಡುತ್ತದೆ. ಹಾಗಾಗಿ ಕಪ್ಪು ಹೆಣ್ಣಿಗೆ ಕೈಗೆ ಸಿಗುವ ಜೋಡಿ ಕಾಳ, ಕಾಳಿ. ಇದು ಸಂಸ್ಕೃತದಿಂದ ಬಂದದ್ದು. ಅಲ್ಲಿ ಕಾಲ ಅಂದರೆ ಕಪ್ಪು ಎಂಬ ಅರ್ಥವೂ ಇದೆ. ಕಾಳಿ ಅದರ ಹೆಣ್ಣುರೂಪ. ದೇವಿಯನ್ನೂ ಕರೆದದ್ದು ಆ ಬಣ್ಣದಿಂದಲೇ, ಅಲ್ವಾ?

ಅಮ್ಮನ ಮುಂದೆ ಹಿಡಿಯಲು ನನ್ನ ಹತ್ತಿರ ಒಂದು ಕಲ್ಲೂ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. 949ರ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಸತ್ತ. ಎದುರು ಪಕ್ಷದಲ್ಲಿದ್ದ ಗಂಗರ ರಾಜ ಬೂತುಗ ತನ್ನ ಭಂಟ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ರಾಜನ ನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಅದನ್ನು ಬೇಟೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ‘ಒಡಸತ್ತುವು’, ಅಂದರೆ ಒಟ್ಟಿಗೇ ಸತ್ತವು. ಒಡಹುಟ್ಟಿದವರು ಅನ್ನುವಲ್ಲಿ ಇರುವ ‘ಒಡ’ವೇ ಇದು. ಎಂಥ ಪದ! ಈಗ ಇದನ್ನು ಹೇಳಲು ನಮಗೆ ಎರಡು ಮೂರು ಪದ ಬೇಕು. ಆ ನಾಯಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ ಮಣಲೆರ. ನಾಯಿ, ಹಂದಿ ಕಾದಾಡುವ ಕೆತ್ತನೆ ಇರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಸನ ಅದನ್ನು ನಾಯಿ ಎಂದಷ್ಟೇ ಕರೆಯುತ್ತದೆ, ಗಂಡೋ ಹೆಣ್ಣೋ ಹೇಳುವುದಿಲ್ಲ. ಹೆಸರಿನ ಕೊನೆಯ ‘ಇ’ ನೋಡಿದರೆ ಅದೂ ಕಪ್ಪು ಹೆಣ್ಣೇ ಅಂತ ನನ್ನ ಊಹೆ.

ಒಂದು ಮುಜುಗರವನ್ನೂ ಹೇಳಬೇಕು. ಮೊನ್ನೆ ಗೇಟಿನಲ್ಲಿ ನಿಂತು “ಕಾಳೀ” ಅಂತ ಕೂಗಿದೆ. ಹೂ ಮಾರುವ ಅಜ್ಜಿ ತಿರುಗಿ ನೋಡಿದರು. ಅವರ ಹೆಸರೂ ಅದೇ, ಜತೆಗೆ ಒಂದು ‘ಅಮ್ಮ’. ಅಲ್ಲಿಯೇ ನನಗೆ ಹೊಳೆದದ್ದು: ಕೆಂಪಯ್ಯ, ಕಾಳೇಗೌಡ, ಕರಿಯಪ್ಪ, ಹೀಗೆ ಬಾಲ ಇದ್ದರೆ ಮನುಷ್ಯ, ಬಾಲ ಇಲ್ಲದಿದ್ದರೆ ಪ್ರಾಣಿ. ಬಾಲದ ವಿಷಯದಲ್ಲಿ ಇದು ಉಲ್ಟಾ! ಆದರೆ ನಗುವಷ್ಟು ಸಲೀಸಲ್ಲ. ಕೂಲಿಗೆ ಬರುತ್ತಿದ್ದವರನ್ನು ನಮ್ಮ ಹಿರಿಯರು ಬರೀ ಕರಿಯ, ಕೆಂಚ, ಕಾಳಿ ಅಂತಲೇ ಕೂಗುತ್ತಿದ್ದರು. ದೇವರ ಹೆಸರು ಅನ್ನುವ ಅಮ್ಮನ ಆಕ್ಷೇಪಕ್ಕಿಂತ ಇದೇ ನನ್ನನ್ನು ಜಾಸ್ತಿ ಕಾಡುತ್ತಿದೆ.

ಕೂಗಲಿಕ್ಕಂತೂ ಕಾಳಿ ಚೆನ್ನಾಗಿದೆ. ಎರಡೇ ಅಕ್ಷರ, ಕೊನೆಯ ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಟೈಗರ್ ಅಂತ ಇಟ್ಟವರೂ ಕೂಗುವಾಗ “ಟೈಗ್ರಾ” ಅನ್ನುವುದು ಇದಕ್ಕೇ ಇರಬೇಕು.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಕಪ್ಪು ಹೆಣ್ಣುನಾಯಿಗೆ, ಕಪ್ಪು ಹಸುವಿಗೆ ಏನಂತ ಕರೆಯುತ್ತೀರಿ? ‘ಕರಿಯ’ನಿಗೆ ‘ಅಮ್ಮ’ ಸೇರಿಸದ ಹೆಣ್ಣುರೂಪ ಎಲ್ಲಾದರೂ ಬಳಕೆಯಲ್ಲಿ ಇದೆಯೇ? ಧಾರವಾಡ, ಬಿಜಾಪುರ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ. ಸ್ವಲ್ಪ ಬೇಗ. ಮರಿ ಆಗಲೇ “ಏಯ್” ಅಂದರೆ ತಿರುಗಿ ನೋಡುವುದನ್ನು ಕಲಿತುಬಿಟ್ಟಿದೆ.