ಗಣಿ ಕಂಪನಿಯ ದುಡ್ಡು ಸುತ್ತಲಿನ ಊರುಗಳಲ್ಲೇ ತಿರುಗಬೇಕಾದರೆ ಏನು ಮಾಡಬೇಕು?

ಕಲ್ಲುಗುಡ್ಡ:
ಗಣಿ ಯೋಜನೆಯೊಂದರ ನಿರ್ಮಾಣ ಶುರುವಾಗಲು ಇನ್ನೆರಡು ವರ್ಷವಿದೆ. ಸಮುದಾಯಕ್ಕೆಂದು ಇಟ್ಟ ಹಣ ಶಾಲಾ ಕೊಠಡಿ, ಆಸ್ಪತ್ರೆ ಕಟ್ಟಡಕ್ಕೆ ಹೋಗುವ ಹಾಗಿದೆ. ಅದರ ಎಷ್ಟೋ ಪಟ್ಟು ದೊಡ್ಡದಾದ ಖರೀದಿ ಬಜೆಟ್ ಮಾತ್ರ ಹೊರಗಿನ ಗುತ್ತಿಗೆದಾರರ ಪಾಲು. ‘ಸ್ಥಳೀಯರಿಗೆ ಆದ್ಯತೆ’ ಎಂದು ನಿಯಮ ಬರೆದರೆ ಸಾಕೇ? ಎಲ್ಲಿ ಎಡವುತ್ತಾರೆ?

ಲೆಕ್ಕದಕಡತ:
ನಿಯಮ ಬರೆದು ಸುಮ್ಮನಾದರೆ ಏನೂ ಆಗುವುದಿಲ್ಲ. ಮೊದಲು 12 ತಿಂಗಳ ಖರೀದಿ ಪಟ್ಟಿ ತೆಗೆದು ಮೂರು ಪಾಲು ಮಾಡಿ: ಇವತ್ತೇ ಊರಲ್ಲಿ ಸಿಗುವುದು (ಬಟ್ಟೆ ಒಗೆತ, ತರಕಾರಿ, ಬೇಲಿ, ಚರಂಡಿ, ಕಾರ್ಮಿಕರ ಬಸ್ಸು), ತರಬೇತಿ ಕೊಟ್ಟರೆ ಎರಡು ವರ್ಷದಲ್ಲಿ ಸಿಗುವುದು (ವೆಲ್ಡಿಂಗ್, ಪಂಪ್ ರಿಪೇರಿ, ಕನ್ವೇಯರ್ ರೋಲರ್ ಬದಲಾವಣೆ), ಎಂದಿಗೂ ಸಿಗದ್ದು (ಡಂಪರ್, ಅದಿರು ಪುಡಿ ಮಾಡುವ ಗ್ರೈಂಡಿಂಗ್ ಮಿಲ್). ಮೂರನೆಯದರ ತಂಟೆಗೆ ಹೋಗಬೇಡಿ.

ಆಮೇಲೆ ಗುತ್ತಿಗೆ ಒಡೆಯಬೇಕು. ಕ್ಯಾಂಪ್ ನಿರ್ವಹಣೆಯನ್ನೆಲ್ಲ ಒಂದೇ ಟೆಂಡರಿಗೆ ಕಟ್ಟಿದರೆ ಅಷ್ಟು ದೊಡ್ಡ ಠೇವಣಿ ಇಡುವವರು ಊರಲ್ಲಿ ಇರುವುದಿಲ್ಲ. ಬಟ್ಟೆ ಒಗೆಯುವವರಿಂದ ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ ಕೇಳುವುದೂ ಅಸಂಬದ್ಧ. ಕೆಲಸದ ಅಪಾಯ ನೋಡಿ ದಾಖಲೆ ಕೇಳಿ. ಸುರಕ್ಷತಾ ನಿಯಮವನ್ನು ಮಾತ್ರ ಯಾರಿಗೂ ಸಡಿಲಿಸಬೇಡಿ, ಬದಲಿಗೆ ಅದರ ತರಬೇತಿಯ ಖರ್ಚನ್ನು ಕಂಪನಿಯೇ ಹೊರಲಿ.

ಎಲ್ಲಕ್ಕಿಂತ ಹೆಚ್ಚು ಜನ ಮುಳುಗುವುದು ಪಾವತಿಯ ಗಡುವಿನಲ್ಲಿ. ತಿಂಗಳಿಗೆ 100 ರೂಪಾಯಿ ಬಿಲ್ ಮಾಡುವವನಿಗೆ ಕೂಲಿ, ಡೀಸೆಲ್ ಸೇರಿ 75 ಖರ್ಚು ಎಂದುಕೊಳ್ಳಿ. ತಿಂಗಳ ಕೊನೆಗೆ ಬಿಲ್, ಅಲ್ಲಿಂದ 60 ದಿನ ಎಂದರೆ ಮೊದಲ ಹಣ ಕಾಣುವುದು ಮೂರನೇ ತಿಂಗಳ ಕೊನೆಗೆ. ಅಷ್ಟರಲ್ಲಿ ಕೈಯಿಂದ 225 ಹೋಗಿರುತ್ತದೆ. 7 ದಿನಕ್ಕೆ ಕೊಟ್ಟರೆ 95 ದಾಟುವುದಿಲ್ಲ. ಅದರ ಜೊತೆಗೆ 15 ದಿನಕ್ಕೊಮ್ಮೆ ಬಿಲ್ ಮಾಡಿಸಿಕೊಂಡರೆ 55ರ ಆಸುಪಾಸು. ಕಂಪನಿಗೆ ಇದು ಚಿಲ್ಲರೆ ಮೊತ್ತ, ಅವನಿಗೆ ಬಡ್ಡಿ ಸಾಲದ ಬಾಗಿಲು.

ಒರೆಗಲ್ಲು:
ಮೇಲಿನದು ಸರಿ, ಆದರೆ ‘ಸ್ಥಳೀಯ’ ಎಂದರೆ ಯಾರು ಎಂದು ಮೊದಲು ಬರೆದಿಡಿ. ಇಲ್ಲದಿದ್ದರೆ ಹೊರಗಿನ ಸಂಸ್ಥೆ ಒಂದು ಕೋಣೆ ಬಾಡಿಗೆಗೆ ಹಿಡಿದು ಬೋರ್ಡ್ ಹಾಕಿ ಸ್ಥಳೀಯವಾಗಿಬಿಡುತ್ತದೆ. ವಿಳಾಸ ನೋಡಬೇಡಿ. ಮಾಲೀಕರು ಎಲ್ಲಿಯವರು, ಕೆಲಸಗಾರರು ಎಲ್ಲಿ ವಾಸ, ಬಿಲ್ಲಿನಲ್ಲಿ ಎಷ್ಟು ಪಾಲು ಊರಿನ ಸಂಬಳಕ್ಕೆ ಹೋಯಿತು, ಇವಿಷ್ಟು ನೋಡಿ. ಮುಖ್ಯ ಗುತ್ತಿಗೆದಾರನಿಗೂ ಇದೇ ಷರತ್ತು ಹಾಕಿ, ಅವನು ಉಪಗುತ್ತಿಗೆದಾರರಿಗೆ ಹಣ ಕೊಡುವ ಗಡುವನ್ನೂ ಕರಾರಿನಲ್ಲೇ ಸೇರಿಸಿ. ಸೋರುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು, ನಿರ್ಮಾಣದ ಹೊತ್ತಿಗೆ ಬೇಕಾಗುವಷ್ಟು ಜನ ಗಣಿ ನಡೆಯುವಾಗ ಬೇಡ. ಆ ಇಳಿತ ಒಮ್ಮೆಲೇ ಬರುತ್ತದೆ. ಸಾಲ ಮಾಡಿ ಟಿಪ್ಪರ್ ಕೊಂಡವರು ಆಗಲೇ ಕೆಡುವುದು. ಯಾವ ತಿಂಗಳಿಗೆ ಎಷ್ಟು ಕೆಲಸ ಎಂಬ ಅಂದಾಜನ್ನು ಮೊದಲೇ ಊರವರ ಮುಂದಿಡಿ. ಯಾವ ಪೂರೈಕೆದಾರರೂ ತಮ್ಮ ವ್ಯಾಪಾರದ ಅರ್ಧಕ್ಕಿಂತ ಹೆಚ್ಚನ್ನು ಗಣಿಗೇ ನೆಚ್ಚಿಕೊಳ್ಳದಂತೆ ಎಚ್ಚರಿಸುವುದು ಒಳ್ಳೆಯದು. ಅದಿರಿನ ಬೆಲೆ ಕುಸಿದಾಗ ಕಂಪನಿ ಮೊದಲು ಕೈ ಹಾಕುವುದು ಇವರ ದರಕ್ಕೇ.

ಕಲ್ಲುಗುಡ್ಡ:
ಖರೀದಿ ವಿಷಯ ತಿಳಿಯಿತು. ಊರಿಗೆ ಆದಾಯದಲ್ಲೇ ಪಾಲು ಕೊಡುವ ಒಪ್ಪಂದಗಳ ಬಗ್ಗೆ?

ತಕ್ಕಡಿ:
ಪಾಲು ಯಾವುದರ ಮೇಲೆ ಎಂಬುದೇ ಎಲ್ಲ. ನಿವ್ವಳ ಲಾಭದ ಮೇಲೆ ಎಂದರೆ ಬಡ್ಡಿ, ಸವಕಳಿ, ಸೋದರ ಕಂಪನಿಗೆ ಅಗ್ಗದ ಮಾರಾಟ, ಎಲ್ಲವೂ ಪಾಲನ್ನು ತಿನ್ನುತ್ತವೆ. ಅಲಾಸ್ಕಾದ ರೆಡ್ ಡಾಗ್ ಸತು ಗಣಿ ನೋಡಿ. ನೆಲದೊಡೆತನ ಅಲ್ಲಿನ ಮೂಲನಿವಾಸಿಗಳ ‘ನಾನಾ’ (NANA) ಎಂಬ ಕಾರ್ಪೊರೇಷನ್ನಿನದು, ಒಪ್ಪಂದ ಆದದ್ದು 1982ರಲ್ಲಿ, ಗಣಿ ಶುರುವಾದದ್ದು 1989ರಲ್ಲಿ. ಹಾಕಿದ ಬಂಡವಾಳ ವಾಪಸಾಗಿ ನಿವ್ವಳ ಆದಾಯದ 25% ಪಾಲು ಬರತೊಡಗಿದ್ದು 2007ರಲ್ಲಿ. ಅದು ಐದು ವರ್ಷಕ್ಕೆ 5%ರಂತೆ ಏರಿ 50%ಕ್ಕೆ ನಿಲ್ಲುತ್ತದೆ. ಕೊನೆಯ ಅಂಕಿ ಚೆನ್ನಾಗಿದೆ, ಆದರೆ ನಡುವಿನ ವರ್ಷಗಳಿಗೆಂದು ಮಾರಾಟದ ಮೌಲ್ಯದ ಮೇಲೆ ಸಣ್ಣ ರಾಜಧನವನ್ನಾದರೂ (ರಾಯಲ್ಟಿ) ಬರೆಸಿಕೊಳ್ಳದಿದ್ದರೆ ಒಂದು ತಲೆಮಾರು ಬರಿಗೈಯಲ್ಲಿ ಕಾಯುತ್ತದೆ.

ಬಂದ ಹಣವನ್ನು ಪೂರ್ತಿ ಖರ್ಚು ಮಾಡದಿರುವುದೂ ಮುಖ್ಯ. ಅದೇ ಅಲಾಸ್ಕಾ ರಾಜ್ಯ 1976ರಲ್ಲಿ ಸಂವಿಧಾನ ತಿದ್ದಿ, ಖನಿಜ ರಾಜಧನದ ಕನಿಷ್ಠ 25% ಅನ್ನು ಶಾಶ್ವತ ನಿಧಿಗೆ ಹಾಕುವಂತೆ ಮಾಡಿತು. ಅಸಲನ್ನು ಮುಟ್ಟುವಂತಿಲ್ಲ.

ಆಸ್ಪತ್ರೆ ಕಟ್ಟಡದ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಹತ್ತನೇ ವರ್ಷ ನರ್ಸಿನ ಸಂಬಳ ಯಾರು ಕೊಡುತ್ತಾರೆ? ಇದಕ್ಕೆ ಸಹಿ ಹಾಕಿದ ಉತ್ತರ ಸಿಗದಿದ್ದರೆ ಕಟ್ಟಬೇಡಿ.

ಲೆಕ್ಕದಕಡತ:
ಅಳೆಯುವುದಾದರೆ ವರದಿಯಲ್ಲಿ ‘ಸ್ಥಳೀಯ ಖರೀದಿ ಇಷ್ಟು’ ಎಂಬ ಒಟ್ಟು ಅಂಕಿ ಬೇಡ, ಅದರಲ್ಲಿ ಎಲ್ಲವೂ ಅಡಗುತ್ತದೆ. ಬಿಲ್ ಸೇರಿದ ದಿನದಿಂದ ಹಣ ಸೇರಿದ ದಿನದವರೆಗಿನ ಸರಾಸರಿ, ಗಡುವು ಮೀರಿದ ಬಿಲ್ಲುಗಳು, ಎರಡನೇ ಬಾರಿ ಗುತ್ತಿಗೆ ಗೆದ್ದವರು ಎಷ್ಟು ಮಂದಿ, ಇವನ್ನು ಮೂರು ತಿಂಗಳಿಗೊಮ್ಮೆ ಊರಿನ ಸೂಚನಾ ಫಲಕದಲ್ಲಿ ಹಾಕಿ. ಟೆಂಡರ್ ಸೋತವರಿಗೆ ಯಾಕೆ ಸೋತಿರೆಂದು ಲಿಖಿತವಾಗಿ ತಿಳಿಸಿ. ಅವರು ಮುಂದಿನ ಸಲ ಸರಿಪಡಿಸಿಕೊಳ್ಳುವುದು ಅದನ್ನು ಓದಿಯೇ.